ಜಪಾನಿನ ಶಾಲೆ ನೋಡಿ ಬಂದ ಸರ್ ರಾಸ್ ಮಸೂದ್



ಕೋಡಿಂಬಾಳ, ಕಡಬದ ಆಸುಪಾಸಿನ ನಮ್ಮ ಬಹುತೇಕ ಮನೆಗಳಲ್ಲಿ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವವರು ಒಬ್ಬರಾದರೂ ಇರುತ್ತಾರೆ. ಅವರು ರಜೆಯಲ್ಲಿ ಊರಿಗೆ ಬಂದಾಗ ಜಗಲಿಯಲ್ಲಿ ನಡೆಯುವ ಮಾತುಕತೆ ನಿಮಗೆ ಹೊಸತಲ್ಲ. ಮೊದಲು ಅಲ್ಲಿನ ರಸ್ತೆ, ಆಮೇಲೆ ಅಲ್ಲಿನ ಆಸ್ಪತ್ರೆ, ಕೊನೆಗೆ ಅಲ್ಲಿನ ಶಾಲೆ. ಅಲ್ಲಿ ಮಕ್ಕಳು ಎಲ್‌ಕೆಜಿಯಲ್ಲೇ ಇಂಗ್ಲಿಷ್ ಮಾತಾಡುತ್ತಾರೆ, ಇಲ್ಲಿ ಏಳನೇ ತರಗತಿ ಮುಗಿದರೂ ಬರುವುದಿಲ್ಲ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಆ ಮನೆಯ ಯಾವುದಾದರೊಂದು ಮಗುವಿನ ಶಾಲೆ ಬದಲಾಗಿರುತ್ತದೆ.

ಪ್ರತಿ ವರ್ಷ ಶಾಲೆ ತೆರೆಯುವ ಹೊತ್ತಿಗೆ ಹೀಗೆ ಟಿ.ಸಿ. ಕೇಳಿಕೊಂಡು ಬರುವ ತಂದೆಯರನ್ನು ಶಿಕ್ಷಕರಾದ ನಾವು ಕಾಣುತ್ತೇವೆ. ಮಗು ಚೆನ್ನಾಗಿ ಕಲಿಯಲಿ ಎಂಬ ಅವರ ಆಸೆಯಲ್ಲಿ ತಪ್ಪೇನೂ ಇಲ್ಲ. ಒಂದು ದೇಶದ ಶಿಕ್ಷಣವನ್ನು ಇನ್ನೊಂದು ದೇಶದ ಶಿಕ್ಷಣದೊಂದಿಗೆ ತೂಗಿ ನೋಡುವುದೂ ತಪ್ಪಲ್ಲ. ಆದರೆ ತೂಗುವುದಕ್ಕೂ ಒಂದು ಕ್ರಮವಿದೆ. ಅಧ್ಯಾಪಕ ತರಬೇತಿಯ ಪಠ್ಯಗಳಲ್ಲಿ ಅದನ್ನು ತೌಲನಿಕ ಶಿಕ್ಷಣ ಎಂದು ಕರೆಯುತ್ತಾರೆ. ಹೆಸರು ಭಾರವಾಯಿತೆಂದು ಪುಟ ಮಗುಚಬೇಡಿ. ಆ ಕ್ರಮದ ಲಾಭವನ್ನೂ ಅದರಲ್ಲಿ ಆಗಬಹುದಾದ ತಪ್ಪನ್ನೂ ಒಬ್ಬ ಮಹನೀಯರ ಬದುಕೇ ನಮಗೆ ತೋರಿಸಿಕೊಡುತ್ತದೆ. ಅವರೇ ಸರ್ ರಾಸ್ ಮಸೂದ್.

ಅಜ್ಜನ ಮನೆಯ ಪಾಠ

ಮಸೂದರ ಅಜ್ಜ ಯಾರೆಂದು ಹೇಳಿದರೆ ನಿಮಗೆ ಕೂಡಲೇ ಗುರುತು ಸಿಗುತ್ತದೆ. ಅಲಿಗಢದ ಸರ್ ಸಯ್ಯದ್ ಅಹ್ಮದ್ ಖಾನರ ಮೊಮ್ಮಗ ಇವರು. ಹುಟ್ಟಿದ್ದು 1889ರಲ್ಲಿ. ತಂದೆ ಸಯ್ಯದ್ ಮಹಮೂದ್ ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು. ರಾಸ್ ಎಂಬ ಹೆಸರು ಕುಟುಂಬದ ಇಂಗ್ಲಿಷ್ ಸ್ನೇಹಿತರೊಬ್ಬರಿಂದ ಬಂದದ್ದು.

ಬೇರೆ ದೇಶದ ಶಾಲೆಯನ್ನು ಕಣ್ಣಾರೆ ಕಂಡು ಬರುವ ಪದ್ಧತಿ ಆ ಮನೆಯಲ್ಲಿ ಮೊದಲೇ ಇತ್ತು. 1869ರಲ್ಲಿ ಸರ್ ಸಯ್ಯದರು ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಮಗ ಮಹಮೂದ್ ಕೇಂಬ್ರಿಜ್ ಸೇರಿದರು. ತಂದೆ ಅಲ್ಲಿನ ಕಾಲೇಜುಗಳು ನಡೆಯುವ ರೀತಿ, ವಿದ್ಯಾರ್ಥಿಗಳು ಅಲ್ಲೇ ಉಳಿದು ಕಲಿಯುವ ವ್ಯವಸ್ಥೆ ಎಲ್ಲವನ್ನೂ ನೋಡಿಕೊಂಡು 1870ರಲ್ಲಿ ಮರಳಿದರು. 1875ರಲ್ಲಿ ಅಲಿಗಢದಲ್ಲಿ ಶಾಲೆ ಆರಂಭವಾಯಿತು, ಅದು ಕಾಲೇಜಾಗಿ ಬೆಳೆದು 1920ರಲ್ಲಿ ವಿಶ್ವವಿದ್ಯಾನಿಲಯವಾಯಿತು.

ಇಲ್ಲೊಂದು ಸಂಗತಿಯನ್ನು ನೀವು ಗಮನಿಸಬೇಕು. ಇಂಗ್ಲೆಂಡಿಗೆ ಹೋಗುವ ಮೊದಲು, 1864ರಲ್ಲಿ, ಸರ್ ಸಯ್ಯದರು ವೈಜ್ಞಾನಿಕ ಸಂಘವೊಂದನ್ನು ಕಟ್ಟಿ ಪಾಶ್ಚಾತ್ಯ ಗ್ರಂಥಗಳನ್ನು ಉರ್ದುವಿಗೆ ತರಿಸಲು ತೊಡಗಿದ್ದರು. 1867ರಲ್ಲಿ ಅವರೂ ಅವರ ಸಂಗಡಿಗರೂ ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಬೇಕೆಂದು ಸರ್ಕಾರಕ್ಕೆ ಮನವಿ ಸಲ್ಲಿಸಿದ್ದರು. ಮುಂದೆ ಅವರ ಅಭಿಪ್ರಾಯ ಬದಲಾಯಿತು, ಅಲಿಗಢ ಇಂಗ್ಲಿಷಿನಲ್ಲೇ ಕಲಿಸಿತು. ಅಜ್ಜ ಅರ್ಧಕ್ಕೆ ಬಿಟ್ಟ ಆ ಯೋಚನೆಯನ್ನು ಮೊಮ್ಮಗ ಇನ್ನೊಂದು ಊರಿನಲ್ಲಿ ಮತ್ತೆ ಕೈಗೆತ್ತಿಕೊಳ್ಳಬೇಕಾಗಿತ್ತು.

1898ರಲ್ಲಿ ಅಜ್ಜ ತೀರಿಕೊಂಡಾಗ ಮಸೂದ್ ಒಂಬತ್ತು ವರ್ಷದ ಹುಡುಗ. 1903ರಲ್ಲಿ ತಂದೆಯೂ ಹೋದರು. ಅಲಿಗಢ ಕಾಲೇಜಿನ ಪ್ರಾಂಶುಪಾಲರಾಗಿದ್ದ ಥಿಯೋಡರ್ ಮಾರಿಸನ್ ದಂಪತಿ ಹುಡುಗನ ಹೊಣೆ ಹೊತ್ತರು. ಹೀಗೆ ಇಂಗ್ಲೆಂಡಿಗೆ ಹೋದ ಮಸೂದರಿಗೆ 1906ರಲ್ಲಿ ಲ್ಯಾಟಿನ್ ಪಾಠ ಹೇಳಲು ಬಂದ ತರುಣನೇ ಇ.ಎಂ. ಫಾರ್ಸ್ಟರ್. ಮುಂದೆ ದೊಡ್ಡ ಕಾದಂಬರಿಕಾರರಾದ ಫಾರ್ಸ್ಟರ್, ಭಾರತದ ಬಗ್ಗೆ ಬರೆದು 1924ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಕಾದಂಬರಿಯನ್ನು ಈ ಶಿಷ್ಯನಿಗೇ ಅರ್ಪಿಸಿದರು. ಮಸೂದ್ ಆಕ್ಸ್‌ಫರ್ಡಿನಲ್ಲಿ ಇತಿಹಾಸ ಓದಿ, ಬ್ಯಾರಿಸ್ಟರಾಗಿ ಊರಿಗೆ ಬಂದರು. ಪಾಟ್ನಾದಲ್ಲಿ ಕೆಲಕಾಲ ವಕೀಲಿ ಮಾಡಿದರೂ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಶಿಕ್ಷಣ ಇಲಾಖೆಯ ಸೇವೆಗೆ ಸೇರಿ ಪಾಟ್ನಾದಲ್ಲಿ, ಕಟಕ್‌ನ ರಾವೆನ್‌ಶಾ ಕಾಲೇಜಿನಲ್ಲಿ ಕೆಲಸ ಮಾಡಿದರು. 1916ರಲ್ಲಿ ಹೈದರಾಬಾದಿನ ನಿಜಾಮ ಸರ್ಕಾರ ಅವರನ್ನು ವಿದ್ಯಾ ಇಲಾಖೆಯ ನಿರ್ದೇಶಕರನ್ನಾಗಿ ಕರೆಸಿಕೊಂಡಿತು. ಆಗ ಅವರಿಗೆ ಇಪ್ಪತ್ತೇಳು ವರ್ಷ.

ಹೈದರಾಬಾದಿನ ಹನ್ನೆರಡು ವರ್ಷ

ಹೈದರಾಬಾದ್ ಎಂದ ಕೂಡಲೇ ನಮಗೆ ಸಂಬಂಧವಿಲ್ಲದ ದೂರದ ಊರು ಎಂದುಕೊಳ್ಳಬೇಡಿ. ಇಂದಿನ ಕಲಬುರಗಿ, ಬೀದರ್, ರಾಯಚೂರು ಪ್ರದೇಶಗಳೆಲ್ಲ ಆಗ ನಿಜಾಮರ ಸಂಸ್ಥಾನದೊಳಗೇ ಇದ್ದವು. ಅಲ್ಲಿನ ಕನ್ನಡದ ಮಕ್ಕಳ ಶಾಲೆಗಳೂ ಮಸೂದರ ಅಧಿಕಾರದಡಿಯಲ್ಲೇ ಇದ್ದವು. 1921ರ ಜನಗಣತಿಯ ಹೊತ್ತಿಗೆ ಆ ಸಂಸ್ಥಾನದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಐದು ಮಂದಿಯೂ ಇರಲಿಲ್ಲ.

ಅವರು ಬಂದ ಮರುವರ್ಷ, 1917ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪಿಸಲು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಒಪ್ಪಿಗೆ ಕೊಟ್ಟರು. ಯೋಜನೆಯ ಹಿಂದೆ ಅಕ್ಬರ್ ಹೈದರಿಯವರು ಇದ್ದರು, ಅದನ್ನು ನಡೆಸಿಕೊಟ್ಟವರಲ್ಲಿ ಮಸೂದ್ ಪ್ರಮುಖರು. ಅಲ್ಲಿ ಪಾಠ ಉರ್ದುವಿನಲ್ಲಿ, ಇಂಗ್ಲಿಷ್ ಒಂದು ಕಡ್ಡಾಯ ವಿಷಯ ಮಾತ್ರ. ಭಾರತೀಯ ಭಾಷೆಯೊಂದರಲ್ಲಿ ಆಧುನಿಕ ವಿದ್ಯೆಯನ್ನು ಕಲಿಸುವ ವಿಶ್ವವಿದ್ಯಾನಿಲಯ ದೇಶದಲ್ಲಿ ಅದಕ್ಕಿಂತ ಮೊದಲು ಇರಲಿಲ್ಲ. ಅದಕ್ಕಾಗಿ ಮೌಲವಿ ಅಬ್ದುಲ್ ಹಕ್ಕರ ಮುಂದಾಳತ್ವದಲ್ಲಿ ಅನುವಾದ ಶಾಖೆ ತೆರೆದರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಅರ್ಥಶಾಸ್ತ್ರದ ಶಬ್ದಗಳಿಗೆ ಉರ್ದು ಶಬ್ದಗಳನ್ನು ಹುಡುಕಿದರು, ಇಲ್ಲದ ಕಡೆ ಹೊಸತಾಗಿ ಕಟ್ಟಿದರು. 1919ರಲ್ಲಿ ತರಗತಿಗಳು ಆರಂಭವಾದವು. ಮುಂದೆ ವೈದ್ಯಕೀಯವನ್ನೂ ಉರ್ದುವಿನಲ್ಲೇ ಕಲಿಸಿದರು.

ಇದು ಸಾಧ್ಯವೇ ಎಂದು ನಗುವವರು ಬಹಳ ಮಂದಿ ಇದ್ದರು. ಅಂಥವರಿಗೆ ಉತ್ತರ ಕೊಡಲು ಒಂದು ಉದಾಹರಣೆ ಬೇಕಿತ್ತು. ಆ ಉದಾಹರಣೆ ಏಷ್ಯಾದಲ್ಲೇ ಇತ್ತು.

ಜಪಾನಿನಲ್ಲಿ ಕಂಡದ್ದು

1905ರಲ್ಲಿ ರಷ್ಯಾವನ್ನು ಯುದ್ಧದಲ್ಲಿ ಸೋಲಿಸಿದ ಮೇಲೆ ಜಪಾನಿನ ಕಡೆ ಇಡೀ ಏಷ್ಯಾ ತಿರುಗಿ ನೋಡುತ್ತಿತ್ತು. 1922ರಲ್ಲಿ ನಿಜಾಮ ಸರ್ಕಾರದ ಪರವಾಗಿ ಮಸೂದ್ ಅಲ್ಲಿಗೆ ಹೋದರು. ಶಾಲೆಗಳನ್ನು, ಶಿಕ್ಷಣ ಇಲಾಖೆಯ ಕೆಲಸವನ್ನು ನೋಡಿದರು. ಹಿಂದಿರುಗಿ ಜಪಾನ್ ಮತ್ತು ಅದರ ಶಿಕ್ಷಣ ಪದ್ಧತಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ವರದಿ 1923ರಲ್ಲಿ ಹೈದರಾಬಾದಿನಲ್ಲಿ ಅಚ್ಚಾಯಿತು. ಅದು ಉರ್ದುವಿಗೂ ಬಂತು.

ಮಸೂದ್ ಇತಿಹಾಸ ಓದಿದವರು. ಆದ್ದರಿಂದ ಅವರ ವರದಿ ಶಾಲೆಗಳ ಲೆಕ್ಕಕ್ಕೆ ನಿಲ್ಲದೆ ಜಪಾನಿನ ಚರಿತ್ರೆಗೂ ಅಲ್ಲಿನ ಜನಜೀವನಕ್ಕೂ ಜಾಗ ಕೊಟ್ಟಿತು. ಇದು ಸಣ್ಣ ಮಾತಲ್ಲ. ದೇಶದೇಶಗಳ ಶಿಕ್ಷಣದ ಬಗ್ಗೆ ಒಂದೇ ಪ್ರಶ್ನಾವಳಿಯಿಂದ ಮಾಹಿತಿ ಸಂಗ್ರಹಿಸಿ ಪಟ್ಟಿ ಮಾಡಿ ಹೋಲಿಸಬೇಕೆಂದು ಫ್ರಾನ್ಸಿನ ಜೂಲಿಯನ್ ಎಂಬವರು 1817ರಲ್ಲೇ ಸೂಚಿಸಿದ್ದರು. ಈ ಶಾಸ್ತ್ರ ಆರಂಭವಾದದ್ದು ಅಲ್ಲಿಂದ ಎನ್ನುತ್ತಾರೆ. ಆದರೆ 1900ರಲ್ಲಿ ಇಂಗ್ಲೆಂಡಿನ ಮೈಕೆಲ್ ಸ್ಯಾಡ್ಲರ್ ಪಟ್ಟಿ ಮಾತ್ರ ಸಾಲದು ಎಂದು ವಾದಿಸಿದರು. ಶಾಲೆಯ ಒಳಗೆ ನಡೆಯುವುದಕ್ಕಿಂತ ಅದರ ಹೊರಗಿನ ಬದುಕೇ ಹೆಚ್ಚು ಮುಖ್ಯ, ತೋಟದಲ್ಲಿ ಅಡ್ಡಾಡುವ ಮಗು ಬೇರೆ ಬೇರೆ ಗಿಡದ ಹೂ ಕಿತ್ತು ತಂದು ಮನೆಯಂಗಳದಲ್ಲಿ ನೆಟ್ಟರೆ ಅದು ಬದುಕುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ನಮ್ಮ ಕಡೆಯ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಸ್ಯಾಡ್ಲರ್ 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯ ಆಯೋಗದ ಅಧ್ಯಕ್ಷರಾಗಿ ಭಾರತಕ್ಕೆ ಬಂದರು.

ಜಪಾನಿನಲ್ಲಿ ಮಸೂದರು ಕಂಡ ದೇಶ ತಾನೇ ಒಂದು ಕಾಲದಲ್ಲಿ ಈ ಬಗೆಯ ಹೋಲಿಕೆ ಮಾಡಿ ಕಲಿತಿತ್ತು. 1871ರಿಂದ 1873ರವರೆಗೆ ಇವಾಕುರಾ ಎಂಬವರ ನೇತೃತ್ವದ ದೊಡ್ಡ ನಿಯೋಗ ಅಮೆರಿಕ, ಯುರೋಪ್ ಸುತ್ತಿ ಬಂತು. ಶಾಲೆಗಳನ್ನು ನೋಡುವುದಕ್ಕೆಂದೇ ಅದರಲ್ಲಿ ಬೇರೆ ಅಧಿಕಾರಿ ಇದ್ದರು. 1872ರ ಶಿಕ್ಷಣ ಶಾಸನದ ಆಡಳಿತ ಕ್ರಮವನ್ನು ಜಪಾನ್ ಫ್ರಾನ್ಸಿನಿಂದ ತೆಗೆದುಕೊಂಡಿತು, ಶಿಕ್ಷಕರ ತರಬೇತಿಗೆ ಅಮೆರಿಕದವರನ್ನು ಕರೆಸಿತು, ಮುಂದೆ ಜರ್ಮನಿಯ ಕಡೆ ನೋಡಿತು. ಹೊಂದದ್ದನ್ನು ಬಿಟ್ಟಿತು, ಹೊಂದಿದ್ದನ್ನು ತಿದ್ದಿ ಇಟ್ಟುಕೊಂಡಿತು. ಆರಂಭದಲ್ಲಿ ಉನ್ನತ ವಿದ್ಯೆಯನ್ನು ಪರದೇಶದ ಅಧ್ಯಾಪಕರು ತಮ್ಮ ಭಾಷೆಯಲ್ಲೇ ಕಲಿಸುತ್ತಿದ್ದರು. ಒಂದು ತಲೆಮಾರಿನೊಳಗೆ ಅವರ ಜಾಗಕ್ಕೆ ಜಪಾನೀಯರು ಬಂದರು, ಪಾಠವೂ ಜಪಾನೀ ಭಾಷೆಗೆ ಬಂತು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಶಾಲೆಗೆ ಸೇರಬೇಕಾದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಅಲ್ಲಿ ಶಾಲೆಗೆ ಸೇರಿದ್ದರು.

ಈ ಪ್ರಗತಿಗೆ ಮುಖ್ಯ ಕಾರಣಗಳಲ್ಲಿ ಒಂದು ಜಪಾನೀಯರು ಎಲ್ಲ ವಿದ್ಯೆಯನ್ನೂ ತಮ್ಮ ಭಾಷೆಗೆ ತಂದುಕೊಂಡದ್ದು ಎಂದು ಮಸೂದ್ ಕಂಡುಕೊಂಡರು. ಉಸ್ಮಾನಿಯಾದ ಪ್ರಯೋಗಕ್ಕೆ ಅದರಿಂದ ಬಲ ಬಂತು.

ಈಗ ಪಕ್ಕದ ಮೈಸೂರನ್ನು ನೋಡಿ. ಅಲ್ಲಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ಬಂದಿದ್ದರು. 1912ರಿಂದ 1918ರವರೆಗಿನ ಅವರ ಆಡಳಿತದಲ್ಲಿ, 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಜಪಾನಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಕೈಗಾರಿಕೆ, ಶಿಸ್ತು, ಎಲ್ಲರಿಗೂ ಓದು. ಮೈಸೂರಿನ ಕಾಲೇಜುಗಳು ಇಂಗ್ಲಿಷಿನಲ್ಲೇ ಮುಂದುವರಿದವು. ನೋಡಿದ ದೇಶ ಒಂದೇ, ತಂದ ಪಾಠ ಬೇರೆ ಬೇರೆ. ನೋಡುವವನು ಯಾವ ಪ್ರಶ್ನೆ ಹಿಡಿದುಕೊಂಡು ಹೋಗುತ್ತಾನೋ ಅದರ ಉತ್ತರವೇ ಅವನ ಕಣ್ಣಿಗೆ ಮೊದಲು ಬೀಳುತ್ತದೆ. ಹೋಲಿಸುವವರೆಲ್ಲ ಮೊದಲು ತಿಳಿದಿರಬೇಕಾದದ್ದು ಇದು.

ಕಣ್ತಪ್ಪಿದ್ದು

ಮಸೂದರ ಮೇಲೆ ಎಷ್ಟೇ ಗೌರವವಿದ್ದರೂ ಇಲ್ಲೊಂದು ಮಾತನ್ನು ಹೇಳದೆ ಇರಲಾಗದು. ಅವರು ಜಪಾನಿಗೆ ಹೋದಾಗ ಉಸ್ಮಾನಿಯಾದಲ್ಲಿ ಉರ್ದು ಪಾಠ ಆರಂಭವಾಗಿ ಮೂರು ವರ್ಷ ಕಳೆದಿತ್ತು. ತೀರ್ಮಾನ ಮೊದಲೇ ಆಗಿತ್ತು, ಸಾಕ್ಷಿ ಆಮೇಲೆ ಬಂತು. ಜಪಾನಿನ ಬಹುಪಾಲು ಮಕ್ಕಳಿಗೆ ಜಪಾನೀ ಮನೆಮಾತು. ಹೈದರಾಬಾದಿನಲ್ಲಿ ಹಾಗಿತ್ತೇ?

1931ರ ಜನಗಣತಿಯ ಪ್ರಕಾರ ಆ ಸಂಸ್ಥಾನದ ಸುಮಾರು ಅರ್ಧದಷ್ಟು ಜನರ ಮಾತು ತೆಲುಗು, ಕಾಲು ಭಾಗದಷ್ಟು ಜನರದು ಮರಾಠಿ. ಕನ್ನಡದವರು, ಉರ್ದುವಿನವರು ತಲಾ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಪ್ರಾಥಮಿಕದ ಕೆಳಗಿನ ತರಗತಿಗಳಲ್ಲಿ ಸ್ಥಳೀಯ ಭಾಷೆಗಳಿಗೆ ಜಾಗವಿತ್ತು. ಮೇಲೆ ಹೋದಂತೆ ಉರ್ದು. ದಿಲ್ಲಿಯ ಅಥವಾ ಹೈದರಾಬಾದ್ ಪೇಟೆಯ ಹುಡುಗನಿಗೆ ಉರ್ದು ತನ್ನ ಭಾಷೆ. ಕಲಬುರಗಿಯ ಹಳ್ಳಿಯ ಕನ್ನಡದ ಹುಡುಗನಿಗೆ ಅದು ಇಂಗ್ಲಿಷಿನಷ್ಟೇ ಹೊರಗಿನದು. ತಾಯ್ನುಡಿಯ ಹೆಸರಿನಲ್ಲಿ ಕಟ್ಟಿದ ಮನೆಯೊಳಗೆ ಹತ್ತರಲ್ಲಿ ಒಂಬತ್ತು ಮಕ್ಕಳ ತಾಯ್ನುಡಿಗೆ ಜಾಗವಿರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಪಂಡಿತ ತಾರಾನಾಥರು ರಾಯಚೂರಿಗೆ ಹೋಗಿ ಹಮ್ದರ್ದ್ ಶಾಲೆ ಕಟ್ಟಿದ್ದು ಇದೇ ಕಾಲದಲ್ಲಿ. ಆ ಪ್ರದೇಶದಲ್ಲಿ ಅಂಥ ಖಾಸಗಿ ಶಾಲೆಗಳಿಗೆ ಯಾಕಷ್ಟು ಬೆಲೆಯಿತ್ತು ಎಂಬುದು ಇದರಿಂದ ನಿಮಗೆ ಅರ್ಥವಾಗುತ್ತದೆ.

ಜಪಾನೂ ಪೂರ್ತಿ ಒಂದೇ ಭಾಷೆಯ ದೇಶವಾಗಿರಲಿಲ್ಲ. ಓಕಿನಾವಾ ದ್ವೀಪದ ಮಕ್ಕಳು ಶಾಲೆಯಲ್ಲಿ ಮನೆಮಾತು ಆಡಿದರೆ ಶಿಕ್ಷೆಗೆ ಗುರಿಯಾಗುತ್ತಿದ್ದರು. 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದ ಮಕ್ಕಳ ಮೇಲೂ ಆಳುವವರ ಭಾಷೆ ಬಂತು. ತರಗತಿಯ ಮುಂದಿನ ಬೆಂಚನ್ನು ಮಾತ್ರ ನೋಡಿ ಬಂದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತವನು ಕಾಣುವುದಿಲ್ಲ.

ಹಾಗಾದರೆ ಮಸೂದ್ ಸೋತರೇ? ನನಗೆ ಹಾಗನ್ನಿಸುವುದಿಲ್ಲ. ನಮ್ಮ ಭಾಷೆಗಳಲ್ಲಿ ರಸಾಯನಶಾಸ್ತ್ರ ಕಲಿಸಲಾಗದು ಎಂಬ ಮಾತನ್ನು ಅವರೂ ಅವರ ಸಂಗಡಿಗರೂ ಸುಳ್ಳು ಮಾಡಿ ತೋರಿಸಿದರು. ಉರ್ದುವಿಗೆ ಸಾಧ್ಯವಾದದ್ದು ಕನ್ನಡಕ್ಕೂ ತೆಲುಗಿಗೂ ಸಾಧ್ಯ ಎಂಬುದಕ್ಕೆ ಅದೇ ಆಧಾರ. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆ ಉಸ್ಮಾನಿಯಾದಲ್ಲಿ ಉರ್ದುವಿನ ಜಾಗಕ್ಕೆ ಬಂದದ್ದು ತೆಲುಗೂ ಅಲ್ಲ, ಕನ್ನಡವೂ ಅಲ್ಲ, ಇಂಗ್ಲಿಷ್. ಮೂವತ್ತು ವರ್ಷ ಕಟ್ಟಿದ ಶಬ್ದಭಂಡಾರ ತರಗತಿಯಿಂದ ಹೊರಗೆ ಉಳಿಯಿತು.

ಅಲಿಗಢ, ಕಾಬೂಲ್, ಭೋಪಾಲ

1928ರಲ್ಲಿ ಹೈದರಾಬಾದಿನ ಸೇವೆ ಮುಗಿಸಿದ ಮಸೂದ್, 1929ರಲ್ಲಿ ಅಲಿಗಢ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಒಳಜಗಳದಿಂದ ಸೊರಗಿದ್ದ ಅಜ್ಜನ ಸಂಸ್ಥೆಯನ್ನು ಎತ್ತಿ ನಿಲ್ಲಿಸುವ ಕೆಲಸ ಅದು. ವಿಜ್ಞಾನಕ್ಕೆ ಒತ್ತು ಕೊಟ್ಟರು. ಫ್ರಾನ್ಸಿನ ಆಂದ್ರೆ ವೆಯ್ಲ್ ಎಂಬ ಇಪ್ಪತ್ತಮೂರರ ತರುಣನನ್ನು 1930ರಲ್ಲಿ ಗಣಿತದ ಪ್ರಾಧ್ಯಾಪಕನಾಗಿ ಕರೆತಂದರು. ಆ ತರುಣ ಮುಂದೆ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬನೆನಿಸಿದ. 1933ರಲ್ಲಿ ಮಸೂದರಿಗೆ ಸರ್ ಪದವಿ ಬಂತು.

ಅದೇ ವರ್ಷದ ಕೊನೆಯಲ್ಲಿ ಅಫ್ಘಾನಿಸ್ತಾನದ ದೊರೆ ನಾದಿರ್ ಶಾ ತಮ್ಮ ದೇಶದ ಶಿಕ್ಷಣದ ಬಗ್ಗೆ ಸಲಹೆ ಕೇಳಲು ಮೂವರನ್ನು ಆಹ್ವಾನಿಸಿದರು: ಕವಿ ಇಕ್ಬಾಲ್, ವಿದ್ವಾಂಸ ಸಯ್ಯದ್ ಸುಲೈಮಾನ್ ನದ್ವಿ ಮತ್ತು ರಾಸ್ ಮಸೂದ್. ಒಂದು ಕಾಲದಲ್ಲಿ ಬೇರೆಯವರ ಶಾಲೆ ನೋಡಿ ಕಲಿಯಲು ಹೋದವರನ್ನು ಈಗ ಇನ್ನೊಂದು ದೇಶ ತನ್ನ ಶಾಲೆ ನೋಡಲು ಕರೆಯಿತು. ಆದರೆ ಅವರು ಹಿಂದಿರುಗಿದ ಕೆಲವೇ ದಿನಗಳಲ್ಲಿ, 1933ರ ನವೆಂಬರ್ 8ರಂದು, ನಾದಿರ್ ಶಾ ಕೊಲೆಯಾದರು.

1934ರಲ್ಲಿ ಅಲಿಗಢದ ಹುದ್ದೆಗೆ ರಾಜೀನಾಮೆ ಕೊಟ್ಟ ಮಸೂದ್, ಭೋಪಾಲದಲ್ಲಿ ಶಿಕ್ಷಣ ಮಂತ್ರಿಯಾದರು. 1937ರ ಜುಲೈ 30ರಂದು ಅಲ್ಲೇ ನಿಧನರಾದರು. ವಯಸ್ಸು ನಲವತ್ತೆಂಟು. ಇಕ್ಬಾಲರು ಗೆಳೆಯನಿಗಾಗಿ ಶೋಕಗೀತೆ ಬರೆದರು. ಅವರನ್ನು ದಫನ ಮಾಡಿದ್ದು ಅಜ್ಜನ ಅಲಿಗಢದಲ್ಲೇ.

ಮತ್ತೆ ನಮ್ಮ ಜಗಲಿಗೆ

ಮಸೂದರ ನಂತರ ಈ ಶಾಸ್ತ್ರ ಬಹಳ ಬೆಳೆಯಿತು. 1964ರಲ್ಲಿ ಜಾರ್ಜ್ ಬೆರೆಡೇ ಎಂಬ ವಿದ್ವಾಂಸರು ಹೋಲಿಕೆಗೆ ನಾಲ್ಕು ಮೆಟ್ಟಿಲು ಹೇಳಿದರು. ಮೊದಲು ಎರಡೂ ಕಡೆ ಏನಿದೆ ಎಂದು ಇದ್ದದ್ದನ್ನು ಇದ್ದಂತೆ ಬರೆಯುವುದು. ಆಮೇಲೆ ಅದು ಯಾಕೆ ಹಾಗಿದೆ ಎಂದು ಅಲ್ಲಿನ ಚರಿತ್ರೆ, ಸಮಾಜ, ಹಣಕಾಸಿನಿಂದ ಅರ್ಥ ಮಾಡಿಕೊಳ್ಳುವುದು. ಮೂರನೆಯದಾಗಿ ಎರಡನ್ನೂ ಒಂದೇ ಅಳತೆಯಲ್ಲಿ ಅಕ್ಕಪಕ್ಕ ಇಡುವುದು. ಕೊನೆಗೆ ಮಾತ್ರ ಹೋಲಿಸಿ ತೀರ್ಮಾನಿಸುವುದು. ನಾವು ಜಗಲಿಯಲ್ಲಿ ಮಾಡುವುದು ನಾಲ್ಕನೆಯದನ್ನು ಮಾತ್ರ!

ಈಗ ಪಿಸಾದಂಥ ಅಂತರರಾಷ್ಟ್ರೀಯ ಪರೀಕ್ಷೆಗಳಿವೆ. 2000ದಲ್ಲಿ ಆರಂಭವಾದ ಇದು ಹದಿನೈದು ವರ್ಷದ ಮಕ್ಕಳ ಓದು, ಗಣಿತ, ವಿಜ್ಞಾನವನ್ನು ಅಳೆಯುತ್ತದೆ. 2009ರ ಸುತ್ತಿಗೆ ಭಾರತದಿಂದ ತಮಿಳುನಾಡು ಮತ್ತು ಹಿಮಾಚಲ ಪ್ರದೇಶದ ಮಕ್ಕಳು ಬರೆದರು. ಎರಡೂ ರಾಜ್ಯಗಳು ಪಟ್ಟಿಯ ಕೊನೆಯ ತುದಿಯಲ್ಲಿ ನಿಂತವು. ಪ್ರಶ್ನೆಗಳು ನಮ್ಮ ಮಕ್ಕಳ ಬದುಕಿಗೆ ಹೊಂದುವುದಿಲ್ಲ ಎಂಬ ಆಕ್ಷೇಪ ಬಂತು. 2012, 2015, 2018, 2022ರ ಸುತ್ತುಗಳಲ್ಲಿ ಭಾರತ ಇರಲಿಲ್ಲ. ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿದೆ, ಸ್ವಲ್ಪ ನೆಪವೂ ಇದೆ. ಸ್ಥಾನದ ಸಂಖ್ಯೆ ನೋಡಿ ನಾಚುವುದರಿಂದಾಗಲಿ ಪರೀಕ್ಷೆಯನ್ನೇ ಬಯ್ಯುವುದರಿಂದಾಗಲಿ ಒಂದು ಮಗುವೂ ಹೆಚ್ಚು ಕಲಿಯುವುದಿಲ್ಲ. ಯಾವ ಮಗು ಎಲ್ಲಿ ತಡವರಿಸಿತು ಎಂದು ಕೇಳಿದರೆ ಮಾತ್ರ ಉಪಯೋಗ.

ನಮ್ಮ ಮಗುವನ್ನೇ ನೋಡಿ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮದ್ರಸದಲ್ಲಿ ಅರಬಿ, ಅದರೊಂದಿಗೆ ಅರಬಿ ಲಿಪಿಯ ಮಲಯಾಳಂ. ಕೆಲವು ಕಡೆ ಉರ್ದು, ಎಲ್ಲ ಕಡೆ ಇಂಗ್ಲಿಷ್. ಇಷ್ಟನ್ನು ಹೊತ್ತ ಮಗುವನ್ನು ಅಬುಧಾಬಿಯ ಫ್ಲಾಟಿನಲ್ಲಿ ಬೆಳೆದ ಅಣ್ಣನ ಮಗನ ಪಕ್ಕದಲ್ಲಿ ನಿಲ್ಲಿಸಿ ಇಂಗ್ಲಿಷ್ ಒಂದನ್ನೇ ಅಳೆಯುವುದು ಯಾವ ನ್ಯಾಯ? ಐದನೇ ತರಗತಿಯವರೆಗೆ ಕನ್ನಡದಲ್ಲಿ ಲೆಕ್ಕವನ್ನು ಬಾಯಲ್ಲೇ ಬಿಡಿಸುತ್ತಿದ್ದ ಹುಡುಗನೊಬ್ಬ, ಮಾಧ್ಯಮ ಬದಲಾದ ಮೇಲೆ ಎರಡು ವರ್ಷ ತರಗತಿಯಲ್ಲಿ ಬಾಯಿ ತೆರೆಯದಿದ್ದದ್ದನ್ನು ನಾನು ಬಲ್ಲೆ. ಅವನ ತಂದೆಗೂ ಒಳ್ಳೆಯದೇ ಬೇಕಿತ್ತು.

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಉಸ್ಮಾನಿಯಾದಲ್ಲೂ ಅದು ಕಡ್ಡಾಯವಾಗಿತ್ತು. ಈ ವರ್ಷ ರಜೆಗೆ ಬಂದವರು ಅಲ್ಲಿನ ಶಾಲೆಯನ್ನು ಹೊಗಳಿದಾಗ ನೀವು ಮೂರು ಪ್ರಶ್ನೆ ಕೇಳಿ. ಅಲ್ಲಿ ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಮನೆಗೆ ಬಂದ ಮೇಲೆ ಓದಿಸುವವರು ಯಾರು? ಆ ಮಗು ಮನೆಯಲ್ಲಿ ಯಾವ ಮಾತು ಆಡುತ್ತದೆ? ಅಲ್ಲಿ ಹಿಂದೆ ಬಿದ್ದ ಮಗುವಿಗೆ ಏನು ಮಾಡುತ್ತಾರೆ? ಉತ್ತರ ಸಿಕ್ಕಿದ ಮೇಲೆ ಅವೇ ಮೂರು ಪ್ರಶ್ನೆಗಳನ್ನು ನಿಮ್ಮ ಮಗುವಿನ ಶಾಲೆಗೆ ಬಂದು ನಮ್ಮಲ್ಲಿ ಕೇಳಿ. ಉತ್ತರ ಕೊಡುವುದು ನಮ್ಮ ಹೊಣೆ. ಟಿ.ಸಿ.ಯ ಮಾತು ಆಮೇಲೆ ಆಡೋಣ.